ಕಡೆಯ ಕಂತಾದ ಮೇಲೆ

ಹುಬ್ಬಳ್ಳಿ,
ಕೆರೆಗೆ ಮತ್ತೆ ನೀರು ಬಂದ ಮೇಲಿನ ನೂರಾ ಹದಿನಾಲ್ಕನೆಯ ವರ್ಷ,
ಶ್ರಾವಣ ಮಾಸದ ನಲವತ್ತೊಂದನೆಯ ದಿನ.

ಟೀವಿಯ ಎದುರು ಕೂತು ಈಗಷ್ಟೇ ನಕ್ಕು ಮುಗಿಸಿದವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ನಿಲ್ಲುವವರೆಗೆ ಶ್ರಾವಣ ಮುಗಿಯುವುದಿಲ್ಲ. ಹೋದ ವರ್ಷವಂತೂ ಅದು ಎಳೆದೂ ಎಳೆದೂ ಭಾದ್ರಪದಕ್ಕೆ ನಾಲ್ಕೇ ದಿನ ಉಳಿಸಿತು. ಗಣಪತಿಯನ್ನು ಕೂರಿಸಿ ಎಬ್ಬಿಸುವಷ್ಟರಲ್ಲಿ ತಿಂಗಳೇ ಮುಗಿದಿತ್ತು. ನನ್ನ ಮಾತಿನ ಧಾಟಿ ಡೊಂಕಾಗಿ ಕಂಡರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ನಾವು ಅರ್ಧ ಕನ್ನಡವನ್ನು ತಾಯಂದಿರಿಂದ ಕಲಿತವರು, ಇನ್ನರ್ಧವನ್ನು ನಿಮ್ಮ ಕಾಲದ ಎರಡು ಹಾಸ್ಯ ಧಾರಾವಾಹಿಗಳಿಂದ. ಅದರಲ್ಲಿ ಒಂದು ಬೇರೆ ದೇಶದ್ದು, ಡಬ್ ಆದದ್ದು. ಹೀಗಾಗಿ ನಮ್ಮಲ್ಲಿ ಎಂಬತ್ತು ದಾಟಿದ ಮುದುಕರೂ ಬಾಗಿಲಲ್ಲಿ ನಿಂತು "ಹಲೋ ನನ್ನ ಪ್ರೀತಿಯ ಗೆಳೆಯರೇ, ಇದೋ ನಾನು ಬಂದೆ" ಎಂದು ಎರಡೂ ಕೈ ಚಾಚುತ್ತಾರೆ. ಶುದ್ಧ ಕನ್ನಡ ಅಂದರೆ ಅದೇ ಎಂದು ನಾವು ತಿಳಿದಿದ್ದೇವೆ. ನಿಮಗೆ ನಗು ಬಂದರೆ ನಗಿ, ನನ್ನ ಅಭ್ಯಂತರವಿಲ್ಲ. ನಗುವುದೇ ನನ್ನ ಉದ್ಯೋಗ. ಅದೇನೆಂದು ಮುಂದೆ ಹೇಳುತ್ತೇನೆ.

ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ನನ್ನನ್ನು ಕೇಳಬೇಡಿ. ಮುಟ್ಟಿಸುವವರು ಬೇರೆ ಇದ್ದಾರೆ. ಅವರು ಹಿಂದಿನ ಕಾಲಕ್ಕೆ ಒಯ್ಯುತ್ತಾರೆಯೇ ಹೊರತು ಮುಂದಕ್ಕೆ ಏನನ್ನೂ ತರುವುದಿಲ್ಲ, ಅಂದರೆ ನಿಮ್ಮ ಉತ್ತರ ನನಗೆ ಬರುವುದಿಲ್ಲ. ಹೆಚ್ಚಿನವರು ಯುದ್ಧದ ಬಗ್ಗೆಯೋ ನೀರಿನ ಬಗ್ಗೆಯೋ ಎಚ್ಚರಿಕೆ ಬರೆದು ಕಳಿಸುತ್ತಾರೆ. ನಾನು ಟೀವಿ ಧಾರಾವಾಹಿಯ ಬಗ್ಗೆ ಬರೆಯುತ್ತೇನೆ ಅಂದಾಗ ಅಲ್ಲಿ ಕಾಗದ ಪಡೆಯಲು ಕೂತಿದ್ದ ಹೆಣ್ಣುಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯವ್ವಾ, ಅದಕ್ಕ ಕಾಗದ ಬ್ಯಾರೆ ಖರ್ಚು ಮಾಡಬೇಕ?" ಅಂದಳು. ಮಾಡಬೇಕು ಅಂದೆ.

ನಿಮ್ಮ ಮೊಮ್ಮಕ್ಕಳ ಮಕ್ಕಳ ಹೊತ್ತಿಗೆ ಒಂದು ಕಾಲ ಬರುತ್ತದೆ. ನಾವು ಅದನ್ನು 'ಒಬ್ಬೊಬ್ಬರ ಕಾಲ' ಎನ್ನುತ್ತೇವೆ. ಯಾರೂ ಯಾರನ್ನೂ ಕೂಡಿ ಹಾಕಲಿಲ್ಲ, ಹೆದರಿಸಲಿಲ್ಲ. ಪ್ರಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಒಂದು ಕೋಣೆ, ಬಾಗಿಲಿಗೆ ಬರುವ ಊಟದ ಡಬ್ಬಿ, ಗೋಡೆಯ ಮೇಲೆ ಮೂಡುವ ಕೆಲಸ, ಅಷ್ಟೇ. ಸುಖವಾಗಿತ್ತಂತೆ. ನನ್ನ ಮುತ್ತಜ್ಜಿ ಸಾಯುವವರೆಗೂ ಆ ಕೋಣೆಯನ್ನು ಹೊಗಳುತ್ತಿದ್ದಳು. ಹೆತ್ತವರು, ಒಡಹುಟ್ಟಿದವರು ಹೇಗೋ ಆಗೀಗ ಕೂಡುತ್ತಿದ್ದರು, ರಕ್ತ ಎಳೆಯುತ್ತದಲ್ಲ. ಆದರೆ ಸಂಬಂಧವಿಲ್ಲದ ಇಬ್ಬರು ದೊಡ್ಡವರು, ಕೆಲಸವಿಲ್ಲದೆ, ಒಂದು ಕಡೆ ಸುಮ್ಮನೆ ಕೂಡುವುದು ಅನ್ನುವುದು ನಾಲ್ಕಾರು ತಲೆಮಾರಿನಲ್ಲಿ ಪೂರಾ ಮರೆತೇಹೋಯಿತು. ಕೆರೆ ತುಂಬಿ ಜನ ಕೋಣೆ ಬಿಟ್ಟು ಹೊರಗೆ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರಂತೆ. ಏನು ಮಾತಾಡಬೇಕು? ಎಷ್ಟು ಹೊತ್ತು? ಯಾವಾಗ ಏಳಬೇಕು? ಎದ್ದರೆ ಬೇಜಾರಾಗುತ್ತದೆಯೇ, ಕೂತರೆ ಬೇಜಾರಾಗುತ್ತದೆಯೇ? ಮಕ್ಕಳಾದರೆ ಚೆಂಡು ಒಂದಿದ್ದರೆ ಸಾಕು. ದೊಡ್ಡವರು ಏನು ಹಿಡಿದುಕೊಂಡು ಆಡಬೇಕು?

ಆಗ ದುರ್ಗದಬೈಲಿನ ಹಳೆಯ ಟೇಲರ್ ಅಂಗಡಿಯೊಂದರ ಕಪಾಟಿನಲ್ಲಿ ನಿಮ್ಮ ಕಾಲದ ಎರಡು ಧಾರಾವಾಹಿ ಸಿಕ್ಕವು. ಎರಡೂ ದೊಡ್ಡವರಾದ ಗೆಳೆಯರ ಗುಂಪಿನ ಕಥೆ. ನಮ್ಮ ಹಿರಿಯರು ಅವನ್ನು ನೋಡಿ ಗೆಳೆತನದ ಪದ್ಧತಿಗಳನ್ನು ಒಂದೊಂದಾಗಿ ಕಟ್ಟಿದರು. ನೀವು ಊಟವಾದ ಮೇಲೆ ಕಾಲು ಚಾಚಿ ನೋಡಿದ್ದನ್ನು ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆವು.

ಮೊದಲನೆಯದು 'ಐದನೇ ಮಹಡಿ'. ಚಳಿಯ ಊರೊಂದರಲ್ಲಿ ಮೂವರು ಹೆಂಗಸರು, ಇಬ್ಬರು ಗಂಡಸರು, ಎಲ್ಲರೂ ಒರಗಿ ಕೂರುವ ಒಂದು ನೀಲಿ ದಿವಾನ, ನಿಮ್ಮ ಸೋಫಾ. ಎಲ್ಲರಿಗೂ ಕೆಲಸವಿದೆ ಎನ್ನುತ್ತಾರೆ, ಆದರೆ ಯಾರೂ ಕೆಲಸಕ್ಕೆ ಹೋಗುವುದು ಕಾಣುವುದಿಲ್ಲ. ಬಾಗಿಲಿಗೆ ಚಿಲಕವಿಲ್ಲ, ಯಾರು ಬೇಕಾದರೂ ದಡಕ್ಕನೆ ಒಳಗೆ ಬರುತ್ತಾರೆ. ಜಗಳವಾದರೆ ಅದೇ ಕಂತಿನ ಕೊನೆಯಲ್ಲಿ ತಬ್ಬಿಕೊಂಡು ಮುಗಿಸುತ್ತಾರೆ. ಅವರು ಏನಾದರೂ ಅಂದಕೂಡಲೇ ಎಲ್ಲಿಂದಲೋ ಜನ ಗೊಳ್ಳನೆ ನಗುತ್ತಾರೆ. ಎರಡನೆಯದು 'ಡಿಪೋ ಕ್ಯಾಂಟೀನ್'. ಅದು ನಮ್ಮ ಕಡೆಯದೇ. ಬಸ್ ಡಿಪೋ ಹಿಂದಿನ ಕ್ಯಾಂಟೀನಿನಲ್ಲಿ ನಲವತ್ತು ದಾಟಿದ ನಾಲ್ವರು: ಒಬ್ಬ ಕಂಡಕ್ಟರ್, ಬ್ಯಾಂಕಿನ ಒಬ್ಬ ಹೆಂಗಸು, ಒಬ್ಬ ಟೇಲರ್, ಶಾಲೆಯಲ್ಲಿ ಆಟ ಕಲಿಸುವ ಒಬ್ಬ ಟೀಚರು. ಅಲ್ಲಿ ಯಾರೂ ನಗುವುದಿಲ್ಲ. ಹೊರಗೆ ಬಸ್ಸು ಹಿಂದೆ ಸರಿಯುವ ಸದ್ದು ಮಾತ್ರ. ಮಂಡಿನೋವು, ಮಗಳ ಫೀಸು, ಅತ್ತೆಯ ಫೋನು. ಕಂಡಕ್ಟರ್ ಒಯ್ದ ಒಂದು ಛತ್ರಿಯ ಜಗಳ ಮೊದಲ ಕಂತಿನಲ್ಲಿ ಹತ್ತಿಕೊಂಡದ್ದು ಆರುವುದೇ ಇಲ್ಲ. ಯಾರೂ ಯಾರಿಗೂ ಕ್ಷಮಿಸು ಅನ್ನುವುದಿಲ್ಲ. ಮರುದಿನ ಅದೇ ಬೆಂಚಿಗೆ ಬಂದು ಕೂಡುತ್ತಾರೆ. ಆಮೇಲೆ ಒಂದು ಕಂತಿನಲ್ಲಿ ಟೀಚರು "ನಿಮಗೊಂದು ಮಾತು ಹೇಳೂದಿತ್ತು" ಅನ್ನುತ್ತಾಳೆ, ಅಲ್ಲಿಗೆ ಧಾರಾವಾಹಿ ನಿಂತೇಹೋಗುತ್ತದೆ. ಅದನ್ನು ಮಧ್ಯದಲ್ಲೇ ನಿಲ್ಲಿಸಿದವರು ಯಾರೋ, ಏಕೋ, ನಮಗೆ ಗೊತ್ತಿಲ್ಲ. ಆಕೆ ಏನು ಹೇಳಬೇಕೆಂದಿದ್ದಳು ಅನ್ನುವುದರ ಬಗ್ಗೆ ನಮ್ಮಲ್ಲಿ ವರ್ಷಕ್ಕೊಂದು ಗೋಷ್ಠಿ ನಡೆಯುತ್ತದೆ, ಪ್ರತಿ ವರ್ಷ ಕೈಕೈ ಮಿಲಾಯಿಸುವ ತನಕ ಹೋಗುತ್ತದೆ.

ಊರು ಹೋಳಾಯಿತು. ಮಹಡಿಯವರು ಅಂತ ಒಂದು ಪಕ್ಷ, ಕ್ಯಾಂಟೀನಿನವರು ಅಂತ ಇನ್ನೊಂದು. ಆದರೆ ಕಟ್ಟಳೆ ಬರೆಯುವಾಗ ಮಹಡಿಯವರದೇ ಮೇಲುಗೈ, ಏಕೆಂದರೆ ಅದರಲ್ಲಿ ಪ್ರತಿಯೊಂದೂ ಸ್ಪಷ್ಟ. ಗೆಳೆಯರ ಗುಂಪಿಗೆ 'ಕೂಟ' ಎಂದು ಹೆಸರಾಯಿತು. ಕೂಟದ ಕೋಣೆಗೆ ಚಿಲಕ ಇರಬಾರದು. ನೆಂಟರು ಬರಬಾರದು, ಮಹಡಿಯಲ್ಲಿ ಯಾರ ಅಪ್ಪ ಅಮ್ಮನೂ ಕಾಣುವುದಿಲ್ಲವಲ್ಲ. ಮಾತಿನ ನಡುವೆ ಒಮ್ಮೆ ಎಲ್ಲರೂ ಸುಮ್ಮನಾಗಿ, ಒಬ್ಬರು ಎದ್ದು ಯಾವುದಾದರೂ ಸಾಬೂನನ್ನೋ ತುಪ್ಪವನ್ನೋ ಮನಸಾರೆ ಹೊಗಳಬೇಕು. ಆ ಕಪಾಟಿನ ಕಂತುಗಳಲ್ಲಿ ಹಾಗೇ ಇದೆ, ಒಳ್ಳೆಯ ಮಾತಿಗೆ ತಡೆ ಬೇಕು ಎಂದು ನಿಮ್ಮವರು ಕಂಡುಕೊಂಡಿದ್ದರೆಂದು ನಮ್ಮ ಹಿರಿಯರು ಅರ್ಥ ಮಾಡಿದರು. ಮತ್ತೆ, ಪರದೆಯ ಹಿಂದೆ ನಗುವವರು ಇರಬೇಕು. ನಾನು ಆ ಪರದೆಯ ಹಿಂದಿನವಳು. ನಾವು ಮೂರ್ನಾಲ್ಕು ಜನ ಬೆಂಚಿನ ಮೇಲೆ ಕೂತು, ಕೂಟದವರು ಮಾತಾಡುವಾಗ ತಕ್ಕ ಜಾಗ ನೋಡಿ ನಗುತ್ತೇವೆ. ಮೆಲ್ಲನೆಯ ನಗು, ಹೊಟ್ಟೆಯ ನಗು, "ಅಯ್ಯೋ ಪಾಪ" ಅನ್ನುವ ಉದ್ಗಾರ, ಎಲ್ಲಕ್ಕೂ ತರಬೇತಿ ಇದೆ. ಮರ್ಯಾದೆಯ ಕೆಲಸ. ಒಬ್ಬ ಹುಂಬ ಒಮ್ಮೆ ಸಭೆಯಲ್ಲಿ ಎದ್ದು, ಆ ನಗುವನ್ನು ಯಂತ್ರದಿಂದ ಹಾಕಿರಬೇಕು ಅಂದ, ಅವನನ್ನು ಗದರಿಸಿ ಕೂರಿಸಿದರು. ಆದರೆ ನಿಮಗೆ ಹೇಳುತ್ತೇನೆ, ಕಸುಬಿನ ಕಿವಿ ನನ್ನದು. ಮಹಡಿಯ ಬೇರೆ ಬೇರೆ ಕಂತುಗಳಲ್ಲಿ ಒಬ್ಬನೇ ಗಂಡಸು, ಒಂದೇ ರೀತಿ ನಕ್ಕು, ಒಂದೇ ರೀತಿ ಕೆಮ್ಮುತ್ತಾನೆ. ಅಷ್ಟು ವರ್ಷ ಅವನ ಕೆಮ್ಮು ವಾಸಿಯಾಗಲಿಲ್ಲವೇ? ನಾನು ಯಾರಿಗೂ ಹೇಳಲು ಹೋಗಲಿಲ್ಲ. ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿಕೊಳ್ಳಲೇ?

ಈಗ ಕಟ್ಟಳೆಗಳಲ್ಲೆಲ್ಲ ದೊಡ್ಡದನ್ನು ಹೇಳುತ್ತೇನೆ. ಮಹಡಿಯ ಕಡೆಯ ಕಂತಿನಲ್ಲಿ ಒಬ್ಬಳಿಗೆ ಮದುವೆ, ಒಬ್ಬನಿಗೆ ಬೇರೆ ಊರು. ಐವರೂ ಸೇರಿ ನೀಲಿ ದಿವಾನವನ್ನು ಹಗ್ಗ ಕಟ್ಟಿ ಕಿಟಕಿಯಿಂದ ಇಳಿಸುತ್ತಾರೆ, ಖಾಲಿ ನೆಲದ ಮೇಲೆ ಕೈ ಹಿಡಿದು ನಿಲ್ಲುತ್ತಾರೆ, ಕೊನೆಯ ನಗೆಮಾತು, ಕಣ್ಣೀರು, ದೀಪ ಆರುತ್ತದೆ. ಎಷ್ಟು ಅಂದವಾಗಿ ಮುಗಿಯುತ್ತದೆ ಅಂದರೆ ಕಲ್ಲೆದೆಯವರೂ ಮೂಗೊರೆಸಿಕೊಳ್ಳುತ್ತಾರೆ. ಆಮೇಲೆ ಆ ಐವರನ್ನು ಒಟ್ಟಿಗೆ ಕಂಡವರು ಯಾರೂ ಇಲ್ಲ. ಹಾಗಾದರೆ ಪದ್ಧತಿ ಇದೇ ಎಂದು ನಮ್ಮವರು ನಿಶ್ಚಯಿಸಿದರು: ಕೂಟದ ಒಬ್ಬರು ಕಾಯಂ ಆಗಿ ಹೊರಟರೆ ಉಳಿದವರೆಲ್ಲ ಸೇರಿ ಕಡೆಯ ಕಂತು ನಡೆಸಬೇಕು. ಅದಾದ ಮೇಲೆ ಒಬ್ಬರ ಮನೆಗೆ ಒಬ್ಬರು ಹೋಗಬಾರದು. ದಾರಿಯಲ್ಲಿ ಕಂಡರೆ ತಲೆಬಾಗಬಹುದು, ಮಾತಾಡಬಾರದು. ಚೆನ್ನಾಗಿ ಮುಗಿದದ್ದನ್ನು ಕೆಡಿಸಬಾರದು.

ನಮ್ಮ ಕೂಟದಲ್ಲಿ ನಾಲ್ವರಿದ್ದೆವು. ಕೆರೆಯ ಏರಿ ಕಾಯುತ್ತಿದ್ದ ಮೌಲಾಸಾಬ, ಗಾಳಿಯಂತ್ರ ರಿಪೇರಿಯ ಗುರುಪಾದ, ನಾನು, ದ್ಯಾಮವ್ವ. ದ್ಯಾಮವ್ವ ಊರ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು. ನನ್ನ ಹಿತ್ತಲಿಗೂ ಅವಳ ಹಿತ್ತಲಿಗೂ ಒಂದೇ ಗೋಡೆ. ದಪ್ಪ ದನಿ, ಮೂಗಿನ ತುದಿಯಲ್ಲಿ ಸಿಟ್ಟು, ತಾನು ಹೇಳುವ ನಗೆಮಾತಿಗೆ ಅದು ಮುಗಿಯುವ ಮೊದಲೇ ತಾನೇ ನಗಲು ಶುರುಮಾಡುವ ಚಾಳಿ. ಎಷ್ಟೋ ನಗೆಮಾತಿನ ಬಾಲ ಏನೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಅವಳು ಮೊದಲ ದಿನವೇ ಪರದೆ ಕಿತ್ತು ಹಾಕಿಸಿದಳು. "ನೀ ಇದ್ದೀಯಲ್ಲ ನೀಲಿ, ಪಗಾರದ ಮಂದಿ ಯಾಕ ಬೇಕ?" ಅಂದಳು. ನಿಜಕ್ಕೂ ದಿನವಿಡೀ ನಕ್ಕು ದಣಿದು ಬಂದ ನಾನು ಅವಳ ಎದುರು ಮತ್ತೆ ಬಿಟ್ಟಿ ನಗುತ್ತಿದ್ದೆ. ಅದು ಬೇರೆಯೇ ನಗು, ಗಂಟಲಿನಿಂದ ಬರುತ್ತಿರಲಿಲ್ಲ, ಅದಕ್ಕೆ ತರಬೇತಿಯೂ ಇಲ್ಲ. ನಾವು ಜಗಳವಾಡುತ್ತಿದ್ದೆವು, ವಾರಗಟ್ಟಲೆ ಮುಖ ಗಂಟುಹಾಕಿಕೊಂಡು ಕೂಡುತ್ತಿದ್ದೆವು. ಅವಳ ತಂಗಿಯ ಮೊಮ್ಮಗಳು ಸಾವಂತ್ರಿ ಕೂಟದ ಮಧ್ಯದಲ್ಲೇ ಬಂದು ಜಡೆ ಹಾಕಿಸಿಕೊಂಡು ಹೋಗುತ್ತಿದ್ದಳು. ಇಪ್ಪತ್ತು ವರ್ಷದ ಹತ್ತಿರ ಹೀಗೆ ನಡೆಯಿತು.

ಆಮೇಲೆ ಗುರುಪಾದನಿಗೆ ಕಡಲತಡಿಯ ಗೋಡೆ ಕಟ್ಟುವಲ್ಲಿಗೆ ಕಾಯಂ ಕರೆ ಬಂತು. ಕಡೆಯ ಕಂತು ನಡೆಸಲೇಬೇಕಾಯಿತು. ನಾವು ಮನಸ್ಸಿಟ್ಟೇ ನಡೆಸಿದೆವು. ಊರೆಲ್ಲ ನೆರೆದಿತ್ತು, ಅದು ಕಟ್ಟಳೆ, ಕಡೆಯ ಕಂತಿಗೆ ಮಾತ್ರ ಎಲ್ಲರೂ ಬರಬಹುದು. ನಮ್ಮ ಹಳೆಯ ಮಂಚವನ್ನು ಇಳಿಸಲು ಕಿಟಕಿಯಿರಲಿಲ್ಲ, ನೆಲಮನೆ. ಹಿತ್ತಲ ಗೋಡೆಯ ಮೇಲೆ ಏರಿಸಿ ಅತ್ತ ಇಳಿಸಿದೆವು. ಕೊನೆಯ ನಗೆಮಾತು ದ್ಯಾಮವ್ವನದು. ಜೀವಮಾನದಲ್ಲಿ ಒಮ್ಮೆ ಅವಳು ನಗದೆ, ತಡವರಿಸದೆ, ಬಾಲದ ತನಕ ಹೇಳಿ ಮುಗಿಸಿದಳು. ನೆರೆದವರು ನಕ್ಕು ನಕ್ಕು ಅತ್ತರು. ಊರಿನ ಕಟ್ಟಳೆ ನೋಡಿಕೊಳ್ಳುವ ಪಂಚರು ಕೂಡಲೇ ನಮ್ಮ ಕಡೆಯ ಕಂತನ್ನು ಕೂಟಮಂದಿರದ ಗೋಡೆಯ ಮೇಲೆ ಬರೆಸಿದರು. ಅಲ್ಲಿ ಒಳ್ಳೊಳ್ಳೆಯ ಕೊನೆಗಳ ಚಿತ್ರವಿರುತ್ತದೆ. ನಮ್ಮದರಲ್ಲಿ ನಡುವೆ ದ್ಯಾಮವ್ವ, ಬಾಯಿ ತೆರೆದು, ಒಂದು ಕೈ ಎತ್ತಿ ನಿಂತಿದ್ದಾಳೆ. ಚೆನ್ನಾಗಿಯೇ ಬಂದಿದೆ, ಮೂಗು ಸ್ವಲ್ಪ ಚಿಕ್ಕದಾಗಿದೆ.

ಮರುದಿನದಿಂದ ಗೋಡೆಯಾಚೆ ಅವಳು ಬಟ್ಟೆ ಒಗೆಯುವ ಸದ್ದು, ಈಚೆ ನನ್ನ ಸದ್ದು. ಗುರುಪಾದ ದೂರ ಹೋದ, ಮೌಲಾಸಾಬ ಅಣ್ಣನ ಮನೆಗೆ ಹೋಗಿ ಸೇರಿದ. ಇಬ್ಬರೂ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಅಷ್ಟು ಕಷ್ಟವಾಗಲಿಲ್ಲ. ಆದರೆ ದ್ಯಾಮವ್ವನ ಬಕೆಟ್ಟಿನ ಹಿಡಿಕೆಯ ಸದ್ದು ಕೇಳುವಷ್ಟು ಹತ್ತಿರ ಕೂತು ಮಾತಾಡದೆ ಇರುವುದನ್ನು ಮಹಡಿಯ ಐವರು ಹೇಗೆ ತಡೆದುಕೊಂಡರೋ ನಾನು ಕಾಣೆ. ಬಹುಶಃ ಅವರಿಗೆ ಹಿತ್ತಲಿರಲಿಲ್ಲ. ಕೆಲವು ವರ್ಷ ಹೀಗೇ ಹೋಯಿತು. ಆಮೇಲೆ ಒಗೆಯುವ ಸದ್ದು ಕಡಿಮೆಯಾಗಿ ಕೆಮ್ಮು ಶುರುವಾಯಿತು. ಹಿಟ್ಟಿನ ಧೂಳು ಎದೆಗೆ ಇಳಿದಿದೆ, ವಾಸಿಯಾಗುವ ಜಡ್ಡಲ್ಲ ಎಂದು ಸಾವಂತ್ರಿ ನೀರಿನ ಸಾಲಿನಲ್ಲಿ ನನ್ನ ಕಿವಿಗೆ ಬೀಳುವಂತೆ ಯಾರಿಗೋ ಹೇಳಿದಳು.

ನಾನು ಪಂಚರ ಮುಂದೆ ಅರ್ಜಿ ಇಟ್ಟೆ. ದ್ಯಾಮವ್ವನ ಮನೆಗೆ ಹೋಗಲು ಬಿಡಬೇಕು. ನಮ್ಮದು ಮಹಡಿಯ ಪದ್ಧತಿಯ ಕೂಟವೇ ಅಲ್ಲ, ನಾವು ಪರದೆ ಕಿತ್ತವರು, ನೆಂಟರನ್ನು ಸೇರಿಸಿಕೊಂಡವರು, ಕ್ಯಾಂಟೀನಿನವರಂತೆ ಜಗಳ ಉಳಿಸಿಕೊಂಡೇ ಕೂತವರು. ಕ್ಯಾಂಟೀನಿಗೆ ಕಡೆಯ ಕಂತೇ ಇಲ್ಲವಲ್ಲ, ಹಾಗಾಗಿ ನಮಗೂ ಕೊನೆ ಅನ್ನುವುದಿಲ್ಲ ಎಂದು ವಾದಿಸಿದೆ. ಹಿರಿಯ ಪಂಚರು ಅಂದಾನಪ್ಪನವರು ಒಳ್ಳೆಯ ಮನುಷ್ಯರೇ. ತಲೆ ಕೆರೆದುಕೊಂಡು, "ತಂಗೀ, ಕೂತದ್ದು ಹೆಂಗರ ಇರಲಿ, ಎದ್ದದ್ದು ಮಹಡಿ ಪದ್ಧತೀಲೇ ಅಲ್ಲೇನವಾ? ಇಡೀ ಊರು ನೋಡೇತಿ" ಅಂದರು. ನಾನು ಅರ್ಜಿ ಹಿಂದೆ ತೆಗೆದುಕೊಳ್ಳಲಿಲ್ಲ. ಕೊನೆಗೆ, ಎರಡೂ ಧಾರಾವಾಹಿಗಳನ್ನು ಮೊದಲಿನಿಂದ ಮತ್ತೆ ನೋಡಿ, ತೂಗಿ, ಗೆಳೆತನಕ್ಕೆ ಕೊನೆ ಉಂಟೋ ಇಲ್ಲವೋ ತೀರ್ಮಾನಿಸೋಣ ಎಂದಾಯಿತು.

ಆ ತೂಗುವಿಕೆ ಸಂಕ್ರಾಂತಿಗೆ ಶುರುವಾದದ್ದು ಯುಗಾದಿ ದಾಟಿತು. ದಿನವೂ ಸಂಜೆ ಮಂಡಕ್ಕಿ ಹಂಚಿಕೊಂಡು ನೋಡುವುದು, ಆಮೇಲೆ ವಾದ. ಕ್ಯಾಂಟೀನಿನಲ್ಲಿ ಇರುವವರು ಗೆಳೆಯರೇ ಹೌದೋ, ಬರೀ ಚಹಾಕ್ಕೆ ಕೂಡಿದವರೋ ಎಂಬಲ್ಲಿಂದ ಮಹಡಿಯವರು ಎತ್ತಿದರು. ಮಹಡಿಯಲ್ಲಿ ಕಂತಿಗೊಮ್ಮೆ "ನೀನು ನನ್ನ ಗೆಳೆಯ" ಅನ್ನುತ್ತಾರೆ, ಕ್ಯಾಂಟೀನಿನಲ್ಲಿ ಒಬ್ಬರಾದರೂ ಆ ಮಾತು ಆಡಿದ್ದುಂಟೇ? ಇಲ್ಲ. ನಾನೇ ಹುಡುಕಿದೆ, ಎಲ್ಲೂ ಇಲ್ಲ. ಕ್ಯಾಂಟೀನಿನ ಪಕ್ಷದ ಒಬ್ಬಳು ಅಜ್ಜಿ ಎದ್ದು, ಟೇಲರ್ ಕಂಡಕ್ಟರನನ್ನು ಬೈಯುತ್ತಲೇ ಅವನ ಹರಿದ ಚೀಲದ ಹಿಡಿಕೆ ಹೊಲಿಯುವುದನ್ನು ತೋರಿಸಿದಳು. ಇಡೀ ಮಹಡಿಯಲ್ಲಿ ಯಾರಾದರೂ ಯಾರಿಗಾದರೂ ಏನನ್ನಾದರೂ ಹೊಲಿದುಕೊಟ್ಟದ್ದನ್ನು ತೋರಿಸಿ ಅಂದಳು. ಅವರು ತಬ್ಬಿಕೊಂಡದ್ದನ್ನು ತೋರಿಸಿದರು. ಮಹಡಿಯಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ, ಕೂದಲು ಮಾತ್ರ ಬದಲಾಗುತ್ತದೆ. ಕ್ಯಾಂಟೀನಿನಲ್ಲಿ ಆಟದ ಟೀಚರು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಲು ಶುರುಮಾಡುತ್ತಾಳೆ, ಅದನ್ನು ಯಾರೂ ಎತ್ತಿ ಆಡುವುದಿಲ್ಲ. ಹೀಗೆ ಎಷ್ಟೋ ವಿಷಯ ಬಂದವು, ನಾನು ಕೈಕೈ ಹಿಸುಕಿಕೊಳ್ಳುತ್ತಾ ಕೂತಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ ಒಂದು ದೃಶ್ಯ: ಎಲ್ಲ ಮುಗಿದ ಮೇಲೆ ಒಬ್ಬರು ಇನ್ನೊಬ್ಬರ ಮನೆಗೆ ಹೋಗುವುದು. ಎರಡರಲ್ಲೂ ಅದಿರಲಿಲ್ಲ. ಒಂದು ಪೂರಾ ಮುಗಿದುಹೋಗಿತ್ತು, ಇನ್ನೊಂದು ಮುಗಿಯದೆ ನಿಂತಿತ್ತು. ಸಭೆಯಿಂದ ಮನೆಗೆ ಬಂದರೆ ಗೋಡೆಯಾಚೆ ಕೆಮ್ಮು.

ತೀರ್ಪು ಹೀಗೆ ಬಂತು. ನಡೆದದ್ದು ಕಡೆಯ ಕಂತು ಅಲ್ಲ, ನಡುವೆ ನಿಂತದ್ದು ಅಷ್ಟೇ ಎಂದು ನಾನೂ ದ್ಯಾಮವ್ವನೂ ಇಬ್ಬರೂ ಒಪ್ಪಿ ಸಭೆಯಲ್ಲಿ ಹೇಳಿದರೆ ಬಾಗಿಲು ತೆರೆಯಬಹುದು. ಆದರೆ ಆಗ ಆ ದಿನ ಆ ದಿನವಾಗಿ ಉಳಿಯುವುದಿಲ್ಲ, ಗೋಡೆಯ ಮೇಲಿನ ಚಿತ್ರಕ್ಕೆ ಸುಣ್ಣ ಬಳಿಯಬೇಕು. ನಾನು ಅಲ್ಲೇ ನಿಂತು ಒಪ್ಪಿದೆ. ನನಗೇನು, ಚಿತ್ರದಲ್ಲಿ ನಾನು ಅಂಚಿನಲ್ಲಿ ಬೆನ್ನು ಮಾಡಿ ನಿಂತವಳು. ದ್ಯಾಮವ್ವನನ್ನು ಕೇಳಿಬರಲು ಸಾವಂತ್ರಿಯನ್ನು ಕಳಿಸಿದರು. ಅವಳು ಬಂದು ತಲೆತಗ್ಗಿಸಿ, ಅಜ್ಜಿ ಅಂದದ್ದನ್ನು ಅಂದಂತೆಯೇ ಒಪ್ಪಿಸಿದಳು: "ಆ ದಿನ ಬಿಟ್ರ ನನ್ನ ಬಾಳೇದಾಗ ಮಂದಿ ನೆನಸೂವಂಥಾದ್ದು ಏನೈತಿ? ರೊಟ್ಟಿ ಬಡದದ್ದ? ಅವತ್ತು ಒಂದು ದಿನ ನಾ ಛಲೋ ಮಾತಾಡೀನಿ. ಅದನ್ನ ಅಳಸ್ತೀನಿ ಅಂತಾಳೇನ ನೀಲಿ? ನಾ ಒಲ್ಲೆ ಅಂತ ಹೇಳು."

ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ನನಗೆ ಎಂಥ ಸಿಟ್ಟು ಬಂತೆಂದರೆ, ಹಿತ್ತಲಿಗೆ ಹೋದರೆ ಬೇಕೆಂದೇ ಪಾತ್ರೆಗಳನ್ನು ದಬದಬ ಎತ್ತಿಹಾಕುತ್ತಿದ್ದೆ. ಚಿತ್ರದಲ್ಲಿನ ದ್ಯಾಮವ್ವ ಅವಳಿಗೆ ಈ ಮುದುಕಿ ನೀಲಿಗಿಂತ ಹೆಚ್ಚಾದಳೇ? ನಾನು ಊರ ಮುಂದೆ ನಿಂತು ಇವಳಿಗಾಗಿ ವಾದ ಮಾಡಬೇಕು, ಇವಳು ಗೋಡೆಗೆ ಅಂಟಿಕೊಂಡಿರಬೇಕು. ಈಗ ಯೋಚಿಸಿದರೆ ಅವಳ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಅಷ್ಟು ವರ್ಷದಲ್ಲಿ ನಾವು ಯಾರೂ ಅವಳಿಗೆ, ನಿನ್ನ ಅರ್ಧಂಬರ್ಧ ನಗೆಮಾತುಗಳೇ ನಮಗೆ ಇಷ್ಟ ಎಂದು ಹೇಳಿರಲಿಲ್ಲ. ಪೂರಾ ಮಾಡಿದ್ದಕ್ಕೆ ಮಾತ್ರ ಊರು ಚಪ್ಪಾಳೆ ತಟ್ಟಿತ್ತು.

ಸಿಟ್ಟು ಇಳಿದ ಮೇಲೆ ಒಂದು ದಿನ ಬೆಳಿಗ್ಗೆ, ಯಾವ ತೀರ್ಪಿನ ಗೊಡವೆಯೂ ಬೇಡವೆಂದು, ನವಣೆ ಗಂಜಿ ಕಾಯಿಸಿಕೊಂಡು, ಮುಂದಿನ ಓಣಿಯಿಂದಲೇ ಹೋದೆ. ಜಗಲಿಯಲ್ಲಿ ಕೂತಿದ್ದ ಅಂದಾನಪ್ಪನವರು ನನ್ನನ್ನೂ ಪಾತ್ರೆಯನ್ನೂ ನೋಡಿ, ಥಟ್ಟನೆ ಬೇರೆ ಕಡೆ ತಿರುಗಿ, ಇಲ್ಲದ ಕಾಗೆಯನ್ನು ಓಡಿಸಲು ಶುರುಮಾಡಿದರು. ಅವರ ಋಣ ನನ್ನ ಮೇಲಿದೆ. ಸಾವಂತ್ರಿ ಬಾಗಿಲು ತೆಗೆದವಳು ಬಾಯಿ ಮೇಲೆ ಕೈ ಇಟ್ಟುಕೊಂಡು ಪಕ್ಕಕ್ಕೆ ಸರಿದಳು.

ದ್ಯಾಮವ್ವ ದಿಂಬಿಗೆ ಒರಗಿ ಕೂತಿದ್ದಳು. ಅರ್ಧಕ್ಕರ್ಧ ಆಗಿದ್ದಳು. ನನ್ನನ್ನು ನೋಡಿ, "ಯಾಕ ಬಂದಿ ನೀಲಿ? ಅಷ್ಟು ಛಲೋ ಮುಗದಿತ್ತಲ್ಲ" ಅಂದಳು. ಬೈದಂತಿರಲಿಲ್ಲ. ನಿಜವಾಗಿಯೂ ಕೇಳಿದಳು. ನಾನು ಗಂಜಿ ಮುಂದಿಟ್ಟೆ. ಎರಡು ಚಮಚ ಕುಡಿದಳು, ಉಪ್ಪು ಕಡಿಮೆ ಅಂದಳು. ಆಮೇಲೆ ಮಾತೇ ಹುಟ್ಟಲಿಲ್ಲ. ಇಪ್ಪತ್ತು ವರ್ಷ ಬಾಯಿಗೆ ಬಿಡುವಿಲ್ಲದಂತೆ ಮಾತಾಡಿದವರು ನಾವು. ಆದರೆ ಕಡೆಯ ಕಂತಾದ ಮೇಲೆ ಏನು ಮಾತಾಡಬೇಕು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಗೋಡೆ ನೋಡಿದಳು, ನಾನು ಬಟ್ಟಲು ನೋಡಿದೆ. ಕೊನೆಗೆ ಅವಳೇ ಪಾಪ, ನನ್ನ ಸಂಕಟ ನೋಡಲಾರದೆ, ಸಾವಂತ್ರಿಯ ಗಂಡನ ಗೊರಕೆಯ ಬಗ್ಗೆ ಏನೋ ಒಂದು ಅಂದಳು. ನಗೆಯ ಮಾತೇ. ನಾನು ನಕ್ಕೆ.

ಅವಳು ನನ್ನನ್ನೇ ದಿಟ್ಟಿಸಿದಳು. "ಇದು ಪರದೇ ಹಿಂದಿನ ನಗಿ" ಅಂದಳು. "ನನ್ನ ಮುಂದ ಇದನ್ನ ನಕ್ಕಿದ್ದಿಲ್ಲ ನೀ."

ಹೌದು, ಅದು ಕೆಲಸದ ನಗುವೇ. ಎಲ್ಲಿ ಹುಡುಕಿದರೂ ಇನ್ನೊಂದು ಸಿಗಲಿಲ್ಲ. ಅವಳ ಸೊರಗಿದ ಮುಖ ಎದುರಿಗಿಟ್ಟುಕೊಂಡು ನಿಜವಾದ ನಗು ಎಲ್ಲಿಂದ ತರಲಿ? ಹಾಗೆಂದು ಹೇಳಬಹುದಿತ್ತು. ಮತ್ತೆ ಇಬ್ಬರೂ ಸುಮ್ಮನಾದೆವು. ಹೊರಗೆ ಮಳೆ ಹಿಡಿದುಕೊಂಡಿತು. ನಾನು ಕಂಡ ಒಂದು ಕಂತಿನಲ್ಲೂ ಇಷ್ಟು ಹೊತ್ತು ಯಾರೂ ಸುಮ್ಮನೆ ಕೂತದ್ದಿಲ್ಲ. ಇಷ್ಟು ಹೊತ್ತಿಗೆ ಯಾರಾದರೂ ಬಾಗಿಲು ತಳ್ಳಿಕೊಂಡು ಬರಬೇಕಿತ್ತು, ಇಲ್ಲವೇ ದೀಪ ಆರಬೇಕಿತ್ತು. ಅವಳಿಗೆ ನನ್ನಿಂದ ದಣಿವಾಗುತ್ತಿದೆ, ನಾನಿನ್ನು ಏಳಬೇಕು ಎಂದುಕೊಂಡೆ. ಪಾತ್ರೆ ಎತ್ತಿಕೊಂಡು, "ಬರ್ತೀನಿ ದ್ಯಾಮೀ" ಅಂದೆ. "ಹೂಂ" ಅಂದಳು.

ಅದೇ ವಾರ ಅವಳು ಹೋದಳು. ಆಮೇಲೆ ಸಾವಂತ್ರಿ ನೀರಿನ ಸಾಲಿನಲ್ಲಿ, ಈ ಸಲ ನನಗೇ ನೇರವಾಗಿ ಹೇಳಿದಳು: "ನೀವು ಎದ್ದು ಹ್ವಾದ ಮ್ಯಾಲೆ ಆಯಿ ಬಾಳ ಹೊತ್ತು ಬಾಗಿಲಾ ನೋಡ್ತಿದ್ರು. 'ಮಳಿ ನಿಂತ ಮ್ಯಾಲೆ ಹೋಗ್ತಾಳ ಅಂತ ಮಾಡಿದ್ನಿ' ಅಂದ್ರು."

ಈಗ ನನ್ನ ಬೇಡಿಕೆ. ನೀವು ಇವತ್ತಿಗೂ ಇಂಥ ಧಾರಾವಾಹಿ ಮಾಡುತ್ತೀರಿ, ನೋಡುತ್ತೀರಿ, ಯಾವುದು ಮೇಲು ಯಾವುದು ಕೀಳು ಎಂದು ಚಹಾದ ಜೊತೆ ವಾದ ಮಾಡುತ್ತೀರಿ. ಮಾಡಿ. ನಗುವನ್ನು ಹಾಕಿ, ಬಿಡಿ, ಅದು ನಿಮ್ಮಿಷ್ಟ. ಆದರೆ ಅವರ ಕಥೆಯನ್ನು ಅಷ್ಟೊಂದು ಅಂದವಾಗಿ ಮುಗಿಸಿ ಕೈ ತೊಳೆದುಕೊಳ್ಳಬೇಡಿ. ದಿವಾನ ಇಳಿಸಿದ ಮೇಲೆ, ದೀಪ ಆರಿದ ಮೇಲೆ, ಇನ್ನೂ ಒಂದು ಕಂತು ಮಾಡಿ. ಅದರಲ್ಲಿ ಏನೂ ನಡೆಯುವುದು ಬೇಡ. ಇಬ್ಬರು ಮುದುಕರಾಗಿರಲಿ, ಒಬ್ಬರಿಗೆ ಜಡ್ಡಾಗಿರಲಿ, ಇನ್ನೊಬ್ಬರು ಉಪ್ಪು ಕಡಿಮೆಯ ಗಂಜಿ ತಂದಿರಲಿ. ಮಾತು ಹುಟ್ಟದಿರಲಿ. ನಗು ಬರದಿರಲಿ. ಹೊರಗೆ ಮಳೆ ಬರುತ್ತಿರಲಿ, ಒಳಗೆ ಇಬ್ಬರೂ ಸುಮ್ಮನೆ ಕೂತೇ ಇರಲಿ. ನೋಡುವವರಿಗೆ ಬೇಜಾರಾದರೂ ಚಿಂತೆಯಿಲ್ಲ, ಬೇಜಾರಾಗುವಷ್ಟು ಹೊತ್ತು ತೋರಿಸಿ. ಅದನ್ನು ಯಾವುದಾದರೂ ಕಪಾಟಿನಲ್ಲಿ ಇಟ್ಟುಬಿಡಿ, ಮುಂದೆ ನಮ್ಮಂಥವರಿಗೆ ಸಿಗಲಿ.

ಆ ಬೆಳಿಗ್ಗೆ ನಾನು ಎದ್ದು ಬಂದೆ. ಏಳದೆಯೂ ಇರಬಹುದು ಅನ್ನುವುದನ್ನು ನಾನು ಎಲ್ಲೂ ನೋಡಿರಲಿಲ್ಲ.

ನಿಮ್ಮ
ನೀಲಗಂಗಾ